ನೆರಳೂ ನಿಜಸ್ವರೂಪವೂ: ಇಸ್ರಾಯೇಲಿನ ಹಬ್ಬಗಳ ಕ್ರೈಸ್ತ ವ್ಯಾಖ್ಯಾನವನ್ನು ಕುರಿತು ಒಂದು ವಿಮರ್ಶೆ

ಶ್ರಮೆಯ ವಾರ ಸಮೀಪಿಸುತ್ತಿರುವಾಗ ನಮ್ಮ ಸಭೆಗಳಲ್ಲಿ ಯಾಜಕಕಾಂಡದ 23ನೆಯ ಅಧ್ಯಾಯವನ್ನು ಆಧರಿಸಿದ ಪ್ರಸಂಗಗಳನ್ನು ಕೇಳುವುದುಂಟು. ಅವುಗಳ ಚೌಕಟ್ಟು ಬಹುಮಟ್ಟಿಗೆ ಒಂದೇ. ಪಸ್ಕಹಬ್ಬವು ಕ್ರಿಸ್ತನ ಮರಣಕ್ಕೆ, ಹುಳಿಯಿಲ್ಲದ ರೊಟ್ಟಿಗಳ ಹಬ್ಬವು ಆತನ ಸಮಾಧಿಗೆ, ಪ್ರಥಮಫಲದ ಸಿವುಡು ಪುನರುತ್ಥಾನಕ್ಕೆ, ಪಂಚಾಶತ್ತಮ ದಿನವು ಪವಿತ್ರಾತ್ಮನ ಆಗಮನಕ್ಕೆ ಮುನ್ಸೂಚನೆಯಾಗಿದ್ದವು. ಈ ನಾಲ್ಕೂ ತಮ್ಮ ತಮ್ಮ ದಿನದಲ್ಲಿಯೇ ನೆರವೇರಿದವು. ಏಳನೆಯ ತಿಂಗಳಿನ ಮೂರು ಆಚರಣೆಗಳು, ಅಂದರೆ ಕೊಂಬೂದುವ ದಿನ, ದೋಷಪರಿಹಾರಕ ದಿನ ಮತ್ತು ಪರ್ಣಶಾಲೆಗಳ ಹಬ್ಬ, ಕ್ರಿಸ್ತನ ಎರಡನೆಯ ಬರೋಣದಲ್ಲಿ ನೆರವೇರಲಿವೆ. ಇಂತಹ ಬೋಧನೆ ಸುಲಭವಾಗಿ ನೆನಪಿನಲ್ಲಿ ಉಳಿಯುತ್ತದೆ. ಒಣ ವಿಧಿಗಳಂತೆ ಕಾಣುತ್ತಿದ್ದ ಅಧ್ಯಾಯವೊಂದು ಅದರಿಂದ ಜೀವ ತಳೆಯುತ್ತದೆ. ಈ ಆಕರ್ಷಣೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ.

ಹಬ್ಬಗಳಲ್ಲಿ ಕ್ರಿಸ್ತನ ಛಾಯೆಯನ್ನು ಕಾಣಬಾರದೆಂದು ಹೇಳುವುದೂ ನಮ್ಮ ಉದ್ದೇಶವಲ್ಲ. ಹೊಸ ಒಡಂಬಡಿಕೆಯೇ ಆ ಮಾರ್ಗವನ್ನು ತೆರೆದಿದೆ. ನಮ್ಮ ಪ್ರಶ್ನೆ ಇಷ್ಟೇ: ಅಪೊಸ್ತಲರು ತೆರೆದ ಮಾರ್ಗವೂ ಮೇಲಿನ ಚೌಕಟ್ಟೂ ಒಂದೇ ಆಗಿವೆಯೇ? ಅಲ್ಲವೆಂದು ನಾವು ಭಾವಿಸುತ್ತೇವೆ. ಅಪೊಸ್ತಲರು ಕ್ರಿಸ್ತನನ್ನು ಕಂಡ ಬಳಿಕ ಹಬ್ಬಗಳ ಕಡೆಗೆ ತಿರುಗಿ ನೋಡಿದರು. ಎಲ್ಲ ಹಬ್ಬಗಳೂ ಆತನೊಬ್ಬನಲ್ಲಿ ಕೂಡುವುದನ್ನು ಕಂಡರು. ಈ ಚೌಕಟ್ಟಾದರೋ ಹಬ್ಬಗಳಿಂದ ಹೊರಟು, ಕ್ರಿಸ್ತನ ಕಾರ್ಯವನ್ನು ದಿನಗಳಿಗೆ ಹಂಚುತ್ತದೆ. ಈ ವ್ಯತ್ಯಾಸ ಸಣ್ಣದಾಗಿ ತೋರಬಹುದು. ಆದರೆ ಶಿಲುಬೆಯ ಪರಿಪೂರ್ಣತೆಯನ್ನೂ ಯೆಹೂದ್ಯ ಜನಾಂಗದ ಬಗೆಗಿನ ನಮ್ಮ ಮನೋಭಾವವನ್ನೂ ಅದು ನೇರವಾಗಿ ತಟ್ಟುತ್ತದೆ.

ಅಪೊಸ್ತಲರ ಓದು

ಹೊಸ ಒಡಂಬಡಿಕೆಯಲ್ಲಿ ಪಸ್ಕವನ್ನು ಕ್ರಿಸ್ತನಿಗೆ ನೇರವಾಗಿ ಅನ್ವಯಿಸುವ ಪ್ರಸಿದ್ಧ ವಾಕ್ಯಭಾಗವು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯದಲ್ಲಿದೆ. ಅಲ್ಲಿ ಪೌಲನ ಮುಂದಿರುವುದು ಕಾಲಗಣನೆಯಲ್ಲ, ಸಭೆಯೊಳಗೆ ನಡೆದ ಹಾದರ. ಕ್ರಿಸ್ತನು ನಮ್ಮ ಪಸ್ಕದ ಕುರಿಯಾಗಿ ಬಲಿಯಾಗಿರುವುದರಿಂದ ಹಳೆಯ ಹುಳಿಯನ್ನು ಹೊರಹಾಕಿ ಹಬ್ಬವನ್ನು ಆಚರಿಸೋಣವೆಂಬ ಅರ್ಥದಲ್ಲಿ ಅವನು ಬರೆಯುತ್ತಾನೆ. ಹುಳಿಯಿಲ್ಲದ ರೊಟ್ಟಿಯು ಅವನ ದೃಷ್ಟಿಯಲ್ಲಿ ಕ್ರಿಸ್ತನ ಸಮಾಧಿಯ ಸಂಕೇತವಲ್ಲ, ಸಭೆಯ ಯಥಾರ್ಥತೆಯ ಸಂಕೇತ. ಸಮಾಧಿಗೂ ಹುಳಿಯಿಲ್ಲದ ರೊಟ್ಟಿಗೂ ಸಂಬಂಧ ಕಲ್ಪಿಸುವ ವಾಕ್ಯವು ಹೊಸ ಒಡಂಬಡಿಕೆಯಲ್ಲಿ ಎಲ್ಲಿಯೂ ಇಲ್ಲ.

'ಪ್ರಥಮಫಲ' ಎಂಬ ಮಾತೂ ಹಾಗೆಯೇ. ಅದೇ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ ಎದ್ದುಬಂದ ಕ್ರಿಸ್ತನನ್ನು ಪೌಲನು ಹಾಗೆ ಕರೆಯುತ್ತಾನೆ. ಮುಂದಿನ ಅಧ್ಯಾಯದಲ್ಲಿಯೇ ಸ್ತೆಫನನ ಮನೆಯವರು ಅಖಾಯದ ಪ್ರಥಮಫಲವಾಗುತ್ತಾರೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ನಮಗೆ ದೊರೆತ ಪವಿತ್ರಾತ್ಮನೇ ಪ್ರಥಮಫಲ. ಇಲ್ಲಿ ಒಂದು ದಿನದ ವಿಧಿಗೆ ಒಂದು ಘಟನೆಯನ್ನು ಜೋಡಿಸುವ ಪ್ರಯತ್ನವಿಲ್ಲ. ಸುಗ್ಗಿಯ ಮೊದಲ ಸಿವುಡನ್ನು ದೇವರ ಮುಂದೆ ನಿವಾಳಿಸಿದ ಜನರ ಅನುಭವವೇ ಪೌಲನ ಭಾಷೆಯಾಗಿದೆ. ಮೊದಲನೆಯದು ಕೈಸೇರಿದ್ದರಿಂದ ಉಳಿದದ್ದೂ ಬರುವುದೆಂಬ ಭರವಸೆ ಆ ಭಾಷೆಯ ತಿರುಳು.

ಯೋಹಾನನ ಸುವಾರ್ತೆಯು ಹಬ್ಬಗಳ ಮೇಲೆಯೇ ಕಟ್ಟಿದ ಗ್ರಂಥವೆಂದರೆ ತಪ್ಪಾಗದು. ಪರ್ಣಶಾಲೆಗಳ ಹಬ್ಬದಲ್ಲಿ ಸಿಲೊವಾ ಕೊಳದಿಂದ ಚಿನ್ನದ ಪಾತ್ರೆಯಲ್ಲಿ ನೀರು ತಂದು ಬಲಿಪೀಠದ ಬಳಿ ಹೊಯ್ಯುತ್ತಿದ್ದರೆಂದೂ, ಸ್ತ್ರೀಯರ ಅಂಗಳದಲ್ಲಿ ದೊಡ್ಡ ದೀಪಸ್ತಂಭಗಳು ಉರಿಯುತ್ತಿದ್ದವೆಂದೂ ಮಿಷ್ನಾದ 'ಸುಕ್ಕಾ' ಎಂಬ ಭಾಗವು ತಿಳಿಸುತ್ತದೆ. ಬಾಯಾರಿದವರನ್ನು ಯೇಸು ಕರೆದದ್ದೂ, ತನ್ನನ್ನು ಲೋಕಕ್ಕೆ ಬೆಳಕೆಂದು ಹೇಳಿಕೊಂಡದ್ದೂ ಈ ಹಿನ್ನೆಲೆಯಲ್ಲಿಯೇ ತಮ್ಮ ಪೂರ್ಣ ಬಲವನ್ನು ಪಡೆಯುತ್ತವೆ. ಯೇಸು ಪಸ್ಕಕ್ಕಾಗಿ ಯೆರೂಸಲೇಮಿಗೆ ಬಂದಾಗ ಜನರು ಖರ್ಜೂರದ ಗರಿಗಳನ್ನು ಹಿಡಿದು ಎದುರುಗೊಳ್ಳುತ್ತಾರೆ. ಆ ಗರಿಗಳು ಪರ್ಣಶಾಲೆಗಳ ಹಬ್ಬಕ್ಕೆ ಸೇರಿದವು. ಇದಲ್ಲದೆ 10ನೆಯ ಅಧ್ಯಾಯದಲ್ಲಿ ದೇವಾಲಯ ಪ್ರತಿಷ್ಠೆಯ ಹಬ್ಬ ಬರುತ್ತದೆ. ಅದು ಮಕ್ಕಬಿಯರ ಕಾಲದಲ್ಲಿ ಹುಟ್ಟಿದ್ದು. ಯಾಜಕಕಾಂಡದ ಪಟ್ಟಿಯಲ್ಲಿ ಅದಕ್ಕೆ ಸ್ಥಾನವೇ ಇಲ್ಲ. ಆದರೂ ತಂದೆಯು ಪ್ರತಿಷ್ಠಿಸಿ ಕಳುಹಿಸಿದವನು ತಾನೇ ಎಂದು ಯೇಸು ಆ ಹಬ್ಬದಲ್ಲಿ ಸಾರುತ್ತಾನೆ. ಹೀಗೆ ಪರ್ಣಶಾಲೆಗಳ ಹಬ್ಬವು ಯೋಹಾನನ ಪಾಲಿಗೆ ಬರೀ ಭವಿಷ್ಯಕ್ಕೆ ಮೀಸಲಾದುದಲ್ಲ. ವಾಕ್ಯವು ನರಾವತಾರವೆತ್ತಿ ನಮ್ಮ ನಡುವೆ ಗುಡಾರ ಹಾಕಿದಾಗಲೇ ಅದರ ನೆರವೇರಿಕೆ ಆರಂಭವಾಯಿತು.

ಅತ್ಯಂತ ನಿರ್ಣಾಯಕವಾದ ಸಾಕ್ಷಿ ಇಬ್ರಿಯರಿಗೆ ಬರೆದ ಪತ್ರಿಕೆಯದು. 9 ಮತ್ತು 10ನೆಯ ಅಧ್ಯಾಯಗಳು ದೋಷಪರಿಹಾರಕ ದಿನದ ವ್ಯಾಖ್ಯಾನವೇ ಆಗಿವೆ. ವರ್ಷಕ್ಕೊಮ್ಮೆ ಮಹಾಯಾಜಕನು ರಕ್ತವನ್ನು ತೆಗೆದುಕೊಂಡು ಮಹಾಪರಿಶುದ್ಧ ಸ್ಥಳವನ್ನು ಪ್ರವೇಶಿಸುತ್ತಿದ್ದನು. ಕ್ರಿಸ್ತನು ಸ್ವರಕ್ತದಿಂದ ಒಂದೇ ಸಾರಿ ಪರಲೋಕವನ್ನು ಪ್ರವೇಶಿಸಿದನು. ಅದು ಮತ್ತೆ ನಡೆಯಬೇಕಾಗಿಲ್ಲ. ಮಹಾಯಾಜಕನು ಒಳಗಿಂದ ಹೊರಬರುವಂತೆ ಆತನು ತನ್ನನ್ನು ಎದುರುನೋಡುವವರಿಗೆ ಎರಡನೆಯ ಸಾರಿ ಕಾಣಿಸಿಕೊಳ್ಳುವನೆಂಬುದು ನಿಜ. ಆದರೆ ದೋಷಪರಿಹಾರವೇ ಇನ್ನೂ ಬಾಕಿಯಿದೆ ಎಂಬುದಕ್ಕೆ ಈ ಪತ್ರಿಕೆಯಲ್ಲಿ ಎಳ್ಳಷ್ಟೂ ಆಸ್ಪದವಿಲ್ಲ.

ಮೆಲಿತೋನನೂ ಓರಿಗೇನನೂ

ಅಪೊಸ್ತಲರ ತರುವಾಯ ಈ ವ್ಯಾಖ್ಯಾನ ಹಿಡಿದ ದಾರಿಯನ್ನು ತಿಳಿಯಲು ಎರಡು ಗ್ರಂಥಗಳನ್ನು ಹೋಲಿಸಿ ನೋಡಬಹುದು. ಎರಡರ ಹೆಸರೂ 'ಪಸ್ಕವನ್ನು ಕುರಿತು' ಎಂದೇ. ಎರಡೂ ಶತಮಾನಗಳ ಕಾಲ ಕಣ್ಮರೆಯಾಗಿದ್ದು 20ನೆಯ ಶತಮಾನದಲ್ಲಿ ಬೆಳಕಿಗೆ ಬಂದವು.

ಮೊದಲನೆಯದು ಎರಡನೆಯ ಶತಮಾನದ ಉತ್ತರಾರ್ಧದಲ್ಲಿ ಸಾರ್ದಿಸಿನ ಸಭಾಧ್ಯಕ್ಷನಾಗಿದ್ದ ಮೆಲಿತೋನನ ಪ್ರಸಂಗ. ಅದರ ಗ್ರೀಕ್ ಪಾಠವನ್ನು ಕ್ಯಾಂಬೆಲ್ ಬಾನರ್ 1940ರಲ್ಲಿ ಪ್ರಕಟಿಸಿದರು. ಮೆಲಿತೋನನು ನಿಸಾನ್ ತಿಂಗಳ 14ನೆಯ ದಿನದಂದೇ ಪಸ್ಕವನ್ನು ಆಚರಿಸುತ್ತಿದ್ದ ಏಷ್ಯಾ ಸೀಮೆಯ ಸಂಪ್ರದಾಯಕ್ಕೆ ಸೇರಿದವನು. ಆ ಅರ್ಥದಲ್ಲಿ ಯೆಹೂದ್ಯರ ಪಂಚಾಂಗಕ್ಕೆ ಬಹಳ ಹತ್ತಿರದವನು. ಶಿಲ್ಪಿಯು ದೊಡ್ಡ ಕೃತಿಗೆ ಕೈಹಾಕುವ ಮುನ್ನ ಮೇಣದಿಂದಲೋ ಮಣ್ಣಿನಿಂದಲೋ ಮರದಿಂದಲೋ ಒಂದು ಮಾದರಿಯನ್ನು ಮಾಡಿಕೊಳ್ಳುತ್ತಾನೆಂಬುದು ಅವನ ಮುಖ್ಯ ಉಪಮೆ. ಕೃತಿ ಮುಗಿದ ಮೇಲೆ ಮಾದರಿಗೆ ಬೆಲೆಯಿಲ್ಲ. ಐಗುಪ್ತದ ಕುರಿಮರಿ ಆ ಮಾದರಿ, ಕ್ರಿಸ್ತನು ಕೃತಿ. ಪ್ರಸಂಗದ ಭಾಷೆ ಭವ್ಯವಾದುದು. ಹೇಬೆಲ, ಇಸಾಕ, ಯೋಸೇಫ, ಮೋಶೆ ಇವರೆಲ್ಲರ ಶ್ರಮೆಯಲ್ಲಿ ಕ್ರಿಸ್ತನ ಶ್ರಮೆಯನ್ನು ಕಾಣುವ ಭಾಗವನ್ನು ಇಂದಿಗೂ ಮೆಚ್ಚದಿರಲಾಗದು. ಆದರೆ ಉಪಮೆಯ ತರ್ಕ ಅಲ್ಲಿಗೆ ನಿಲ್ಲುವುದಿಲ್ಲ. ಮಾದರಿಗೆ ಬೆಲೆಯಿಲ್ಲವೆಂದಾದ ಮೇಲೆ ಆ ಮಾದರಿಯನ್ನು ಹೊತ್ತ ಜನಾಂಗಕ್ಕೂ ಬೆಲೆಯಿಲ್ಲವೆನ್ನಲು ಹೆಚ್ಚು ದೂರ ನಡೆಯಬೇಕಾಗಿಲ್ಲ. ಪ್ರಸಂಗದ ಕೊನೆಯ ಭಾಗವು ಇಸ್ರಾಯೇಲಿನ ಮೇಲೆ ದೇವಹತ್ಯೆಯ ಆರೋಪವನ್ನು ಹೊರಿಸುತ್ತದೆ.

ಎರಡನೆಯದು ಓರಿಗೇನನದು. 1941ರಲ್ಲಿ ಐಗುಪ್ತದ ತೂರಾ ಎಂಬಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ ಇದು ಪತ್ತೆಯಾಯಿತು. ಮೆಲಿತೋನನೂ ಇತರರೂ 'ಪಸ್ಕ' ಎಂಬ ಪದವನ್ನು 'ಶ್ರಮೆಪಡು' ಎಂಬರ್ಥದ ಗ್ರೀಕ್ ಧಾತುವಿಗೆ ಜೋಡಿಸಿದ್ದರು. ಇಬ್ರಿಯ ಭಾಷೆಯನ್ನು ಬಲ್ಲವರ ನೆರವು ಪಡೆದಿದ್ದ ಓರಿಗೇನನು ಅದು ತಪ್ಪೆಂದು ತೋರಿಸುತ್ತಾನೆ: ಆ ಪದದ ಅರ್ಥ ಶ್ರಮೆಯಲ್ಲ, ದಾಟುವಿಕೆ. ಇಬ್ರಿಯನೊಬ್ಬನ ಮುಂದೆ ಹಳೆಯ ವ್ಯುತ್ಪತ್ತಿಯನ್ನು ಹೇಳಿದರೆ ಕ್ರೈಸ್ತನು ನಗೆಗೀಡಾಗುವನೆಂಬ ಎಚ್ಚರ ಅವನಲ್ಲಿದೆ. ಪಸ್ಕವೆಂದರೆ ಎಂದೋ ಮುಗಿದುಹೋದ ಮಾದರಿಯಲ್ಲ. ವಿಶ್ವಾಸಿಯು ಇಂದು ಕ್ರಿಸ್ತನೊಂದಿಗೆ ಕತ್ತಲೆಯಿಂದ ದಾಟಿಹೋಗುವುದೇ ಪಸ್ಕ. ಓರಿಗೇನನ ಎಲ್ಲ ವ್ಯಾಖ್ಯಾನಗಳನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ಮೂಲಭಾಷೆಗೆ ತಲೆಬಾಗಿ, ತನ್ನವರಿಗೆ ಪ್ರಿಯವಾಗಿದ್ದ ಒಂದು ವ್ಯಾಖ್ಯಾನವನ್ನು ಬಿಟ್ಟುಕೊಟ್ಟ ಅವನ ನಡೆ ಪ್ರತಿಯೊಬ್ಬ ಬೋಧಕನಿಗೂ ಪಾಠವಾಗಿದೆ.

ಚರಿತ್ರೆಯಲ್ಲಿ ಮುಂದೆ ಗೆದ್ದದ್ದು ಮೆಲಿತೋನನ ಧಾಟಿ. ಅಂತಿಯೋಕ್ಯದ ಕ್ರೈಸ್ತರಲ್ಲಿ ಕೆಲವರು ಯೆಹೂದ್ಯರ ಕೊಂಬೂದುವ ಹಬ್ಬಕ್ಕೂ ಉಪವಾಸಕ್ಕೂ ಪರ್ಣಶಾಲೆಗಳ ಹಬ್ಬಕ್ಕೂ ಹೋಗುತ್ತಿದ್ದರೆಂಬ ಕಾರಣಕ್ಕೆ ಯೋಹಾನ ಕ್ರಿಸೊಸ್ತೊಮನು 386–387ರಲ್ಲಿ ಮಾಡಿದ ಎಂಟು ಪ್ರಸಂಗಗಳ ಕಟುತ್ವವನ್ನು ಓದಿದವರು ಮರೆಯಲಾರರು. ಶತಮಾನಗಳ ತರುವಾಯ, ಪಸ್ಕದ ರೊಟ್ಟಿಗೆ ಕ್ರೈಸ್ತ ಶಿಶುಗಳ ರಕ್ತವನ್ನು ಬೆರೆಸುತ್ತಾರೆಂಬ ಘೋರ ಸುಳ್ಳು ಯೂರೋಪಿನಲ್ಲಿ ಹಬ್ಬಿತು. 1903ರಲ್ಲಿ ಕಿಷಿನೇವ್ ನಗರದಲ್ಲಿ ಯೆಹೂದ್ಯರ ಮೇಲಿನ ದಾಳಿ ಆರಂಭವಾದದ್ದು ಪುನರುತ್ಥಾನದ ಭಾನುವಾರದಂದು. 49 ಮಂದಿ ಹತರಾದರು. ಇವಕ್ಕೆಲ್ಲ ಒಂದು ಪ್ರಸಂಗವೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಒಂದು ಜನಾಂಗದ ಅತಿ ಪವಿತ್ರ ರಾತ್ರಿಯನ್ನು ಬರಿದಾದ ನೆರಳೆಂದು ಕರೆಯಲು ಕಲಿತ ಸಭೆಗೆ, ಆ ಜನರ ಪ್ರಾಣವೂ ಹಗುರವಾಗಿ ಕಂಡಿತೆಂಬ ಸತ್ಯವನ್ನು ಮರೆಮಾಚಲಾಗದು.

ಹಬ್ಬಗಳು ವೇಳಾಪಟ್ಟಿಯಾದಾಗ

ನಾಲ್ಕು ಹಬ್ಬಗಳು ಮುಗಿದವು, ಮೂರು ಉಳಿದಿವೆ ಎಂಬ ಚೌಕಟ್ಟು ಜನಪ್ರಿಯವಾಗುವುದರಲ್ಲಿ 1909ರಲ್ಲಿ ಪ್ರಕಟವಾದ ಸ್ಕೋಫೀಲ್ಡ್ ಟಿಪ್ಪಣಿ ಬೈಬಲಿನ ಪಾತ್ರ ದೊಡ್ಡದು. ಕೊಂಬೂದುವ ದಿನವು ಚದರಿಹೋದ ಇಸ್ರಾಯೇಲ್ಯರ ಭವಿಷ್ಯದ ಒಟ್ಟುಗೂಡುವಿಕೆಗೆ, ದೋಷಪರಿಹಾರಕ ದಿನವು ಅವರ ಮುಂದಿನ ಪಶ್ಚಾತ್ತಾಪಕ್ಕೆ, ಪರ್ಣಶಾಲೆಗಳ ಹಬ್ಬವು ರಾಜ್ಯದ ವಿಶ್ರಾಂತಿಗೆ ಸೂಚನೆಯೆಂದು ಅದು ಕಲಿಸುತ್ತದೆ. ಮೆಲಿತೋನನಂತೆ ಇಸ್ರಾಯೇಲನ್ನು ತಳ್ಳಿಹಾಕದೆ, ಅದಕ್ಕೊಂದು ಭವಿಷ್ಯವಿದೆಯೆಂದು ಹೇಳುವುದು ಈ ವ್ಯಾಖ್ಯಾನದ ಗುಣ. ಅದನ್ನು ಒಪ್ಪಿಕೊಂಡೇ ಮೂರು ಆಕ್ಷೇಪಗಳನ್ನು ಎತ್ತಬೇಕಾಗಿದೆ.

ಮೊದಲನೆಯದು ಇಬ್ರಿಯರ ಪತ್ರಿಕೆಯಿಂದ ಬರುವ ಆಕ್ಷೇಪ. ಸ್ಕೋಫೀಲ್ಡರು ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ ದೋಷಪರಿಹಾರಕ ದಿನದ ಬಲಿಗಳನ್ನು ಕ್ರಿಸ್ತನ ಮರಣಕ್ಕೇ ಅನ್ವಯಿಸುತ್ತಾರೆ. 23ನೆಯ ಅಧ್ಯಾಯಕ್ಕೆ ಬಂದಾಗ ಅದೇ ದಿನವನ್ನು ಭವಿಷ್ಯಕ್ಕೆ ಒಯ್ಯುತ್ತಾರೆ. ಹೀಗೆ ಮಾಡುವಂತೆ ಅವರನ್ನು ಒತ್ತಾಯಿಸಿದ್ದು ವಾಕ್ಯವಲ್ಲ, ಪಟ್ಟಿಯ ಕ್ರಮ. ಶಿಲುಬೆಯಲ್ಲಿ ಪಸ್ಕವನ್ನಷ್ಟೇ ಇರಿಸಿ ದೋಷಪರಿಹಾರಕ ದಿನವನ್ನು ಮುಂದಕ್ಕೆ ಹಾಕಿದರೆ, ಒಂದೇ ಸಾರಿ ಪೂರ್ಣವಾದ ಯಜ್ಞವನ್ನು ಎರಡು ಪಾಲು ಮಾಡಿದಂತಾಗುತ್ತದೆ. ಎರಡನೆಯ ಶತಮಾನದ ಜಸ್ಟಿನನು ಆ ದಿನದ ಎರಡು ಹೋತಗಳಲ್ಲಿ ಕ್ರಿಸ್ತನ ಎರಡು ಬರೋಣಗಳನ್ನು ಕಂಡನು. ಅದನ್ನು ಒಪ್ಪಿದರೂ ಬಿಟ್ಟರೂ, ಹಬ್ಬಗಳನ್ನು ನಾಲ್ಕು ಮತ್ತು ಮೂರೆಂದು ಒಡೆಯುವುದು ಅವನಿಗೆ ಅಗತ್ಯವಾಗಿ ತೋರಲಿಲ್ಲ.

ಎರಡನೆಯದು ದಿನಗಳ ನಿಖರತೆಯನ್ನು ಕುರಿತದ್ದು. ಮೊದಲ ನಾಲ್ಕು ಹಬ್ಬಗಳು ಆಯಾ ದಿನದಲ್ಲಿಯೇ ನೆರವೇರಿದವು, ಆದ್ದರಿಂದ ಉಳಿದವೂ ಹಾಗೆಯೇ ನೆರವೇರುವವು ಎಂಬುದು ಈ ಚೌಕಟ್ಟಿನ ಬಲವಾದ ವಾದ. ಸುವಾರ್ತೆಗಳಾದರೋ ಈ ವಿಷಯದಲ್ಲಿ ಒಂದೇ ಸ್ವರದಲ್ಲಿ ಮಾತನಾಡುವುದಿಲ್ಲ. ಮಾರ್ಕನ ಪ್ರಕಾರ ಕರ್ತನ ಕಡೆಯ ರಾತ್ರಿಭೋಜನವೇ ಪಸ್ಕದ ಊಟ. ಯೋಹಾನನ ಪ್ರಕಾರ ಯೇಸುವನ್ನು ಪಿಲಾತನ ಬಳಿಗೆ ಕರೆದೊಯ್ದವರು ಇನ್ನೂ ಪಸ್ಕದ ಊಟ ಮಾಡಿರಲಿಲ್ಲ. ಯೋಹಾನನನ್ನು ಅನುಸರಿಸಿದರೆ ಪುನರುತ್ಥಾನದ ಭಾನುವಾರ ನಿಸಾನ್ 16. ಮಾರ್ಕನನ್ನು ಅನುಸರಿಸಿದರೆ ನಿಸಾನ್ 17. ಸಿವುಡನ್ನು ನಿವಾಳಿಸುವ 'ಸಬ್ಬತ್ತಿನ ಮರುದಿನ' ಯಾವುದೆಂಬ ಬಗ್ಗೆ ಆಗಿನ ಯೆಹೂದ್ಯರಲ್ಲಿಯೂ ಭಿನ್ನಾಭಿಪ್ರಾಯವಿತ್ತು. ಫರಿಸಾಯರ ಸಂಪ್ರದಾಯದಂತೆ ಅದು ಹಬ್ಬದ ಮೊದಲ ದಿನದ ಮರುದಿನ, ಅಂದರೆ ನಿಸಾನ್ 16. ಬೋಯೆತೂಸಿಯರ ಪ್ರಕಾರ ವಾರದ ಸಬ್ಬತ್ತಿನ ಮರುದಿನವಾದ ಭಾನುವಾರ. ಒಂದೊಂದು ಕಡೆಯಿಂದ ತಮಗೆ ಬೇಕಾದ ಲೆಕ್ಕವನ್ನು ಆರಿಸಿಕೊಂಡು ಅದನ್ನು ದೈವಿಕ ನಿಖರತೆಯೆಂದು ಸಾರುವುದು ಪ್ರಾಮಾಣಿಕವಾಗದು. ಕ್ರಿಸ್ತನು ಪಸ್ಕದ ಕಾಲದಲ್ಲಿ ಸತ್ತು ಎದ್ದನೆಂಬುದು ನಾಲ್ವರು ಸುವಾರ್ತಿಕರ ಒಮ್ಮತದ ಸಾಕ್ಷಿ; ನಮ್ಮ ವಿಶ್ವಾಸಕ್ಕೆ ಅಷ್ಟು ಸಾಕು.

ಈ ಲೆಕ್ಕಾಚಾರದ ಹುಚ್ಚು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಉದಾಹರಣೆಯಿದೆ. 1988ರ ಸೆಪ್ಟೆಂಬರಿನಲ್ಲಿ, ಕೊಂಬೂದುವ ಹಬ್ಬದ ದಿನಗಳಲ್ಲಿ, ಸಭೆಯು ಎತ್ತಲ್ಪಡುವುದೆಂದು ಅಮೆರಿಕದ ಎಡ್ಗರ್ ವಿಸೆನಂಟ್ ಎಂಬವರು 88 ಕಾರಣಗಳನ್ನು ಕೊಟ್ಟು ಬರೆದ ಪುಸ್ತಿಕೆ ಅಪಾರ ಸಂಖ್ಯೆಯಲ್ಲಿ ಹರಡಿತು. ದಿನ ಕಳೆಯಿತು. ನಂಬಿದವರಿಗೆ ಉಳಿದದ್ದು ನಾಚಿಕೆ.

ಮೂರನೆಯದು ಸಂಕೇತಗಳ ಅಸಂಗತತೆ. ಹುಳಿಯೆಂದರೆ ಪಾಪವೆಂದು ಪಸ್ಕದಲ್ಲಿ ಕಲಿಸುವವರಿಗೆ ಪಂಚಾಶತ್ತಮ ದಿನದ ಎರಡು ರೊಟ್ಟಿಗಳು ತೊಡಕಾಗುತ್ತವೆ. ಅವುಗಳನ್ನು ಹುಳಿಹಾಕಿಯೇ ಸುಡಬೇಕೆಂಬುದು ಆಜ್ಞೆ. ಆಗ ಆ ಎರಡು ರೊಟ್ಟಿಗಳೆಂದರೆ ಪಾಪಸ್ವಭಾವವುಳ್ಳ ಯೆಹೂದ್ಯರೂ ಅನ್ಯಜನರೂ ಸೇರಿದ ಸಭೆಯೆಂಬ ವಿವರಣೆ ಬರುತ್ತದೆ. ಅಪೊಸ್ತಲರ ಕೃತ್ಯಗಳ 2ನೆಯ ಅಧ್ಯಾಯದಲ್ಲಿ ಇದರ ಸುಳಿವೂ ಇಲ್ಲ. ಪರಲೋಕರಾಜ್ಯವನ್ನೇ ಹುಳಿಗೆ ಹೋಲಿಸಿದ ಕರ್ತನ ಸಾಮ್ಯವೂ ಇಲ್ಲಿ ಮರೆತುಹೋಗುತ್ತದೆ. ಸುಗ್ಗಿ ಮುಗಿಸಿದ ಒಕ್ಕಲಿಗನು ತಾನು ದಿನವೂ ಉಣ್ಣುವ ರೊಟ್ಟಿಯನ್ನೇ ದೇವರಿಗೆ ತರುತ್ತಾನೆಂಬ ಸರಳವಾದ, ಸುಂದರವಾದ ಅರ್ಥವು ವ್ಯಾಖ್ಯಾನದ ಭಾರಕ್ಕೆ ಸಿಕ್ಕಿ ಕಾಣದಂತಾಗುತ್ತದೆ.

ಪಸ್ಕಭೋಜನದ ಪ್ರದರ್ಶನ

ಇತ್ತೀಚಿನ ದಶಕಗಳಲ್ಲಿ ಹಲವು ದೇಶಗಳ ಸಭೆಗಳು ಶ್ರಮೆಯ ವಾರದಲ್ಲಿ ಯೆಹೂದ್ಯರ ಪಸ್ಕಭೋಜನವಾದ 'ಸೇದೆರ್' ಅನ್ನು ಕ್ರೈಸ್ತ ವ್ಯಾಖ್ಯಾನದೊಂದಿಗೆ ನಡೆಸುವುದು ರೂಢಿಗೆ ಬಂದಿದೆ. ಮೂರು ರೊಟ್ಟಿಗಳಲ್ಲಿ ತ್ರೈಯೇಕತ್ವವನ್ನೂ, ನಡುವಿನ ರೊಟ್ಟಿಯನ್ನು ಮುರಿದು ಬಟ್ಟೆಯಲ್ಲಿ ಸುತ್ತಿ ಬಚ್ಚಿಡುವುದರಲ್ಲಿ ಮಗನ ಮರಣ ಮತ್ತು ಸಮಾಧಿಯನ್ನೂ, ರೊಟ್ಟಿಯ ಗೆರೆ ಮತ್ತು ರಂಧ್ರಗಳಲ್ಲಿ ಆತನ ಗಾಯಗಳನ್ನೂ ತೋರಿಸಲಾಗುತ್ತದೆ. ಯೇಸುವೂ ಶಿಷ್ಯರೂ ಮಾಡಿದ್ದು ಇದನ್ನೇ ಎಂಬ ಭಾವನೆ ಅಲ್ಲಿ ಮೂಡುತ್ತದೆ.

ಚರಿತ್ರೆಯು ಇದಕ್ಕೆ ಅನುಕೂಲವಾಗಿಲ್ಲ. ಕ್ರಿ.ಶ. 70ರಲ್ಲಿ ದೇವಾಲಯವು ನಾಶವಾದ ಬಳಿಕ ಕುರಿಮರಿಯಿಲ್ಲದ ಪಸ್ಕವನ್ನು ಯೆಹೂದ್ಯರು ಹೊಸದಾಗಿ ರೂಪಿಸಿಕೊಳ್ಳಬೇಕಾಯಿತು. ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ಮಿಷ್ನಾದಲ್ಲಿ ನಾಲ್ಕು ಪಾತ್ರೆಗಳ ದ್ರಾಕ್ಷಾರಸ, ಮಗನ ಪ್ರಶ್ನೆಗಳು, ಕಹಿ ಸೊಪ್ಪು ಇವೆ. 'ಅಫಿಕೋಮಾನ್' ಎಂಬ ಪದವೂ ಅಲ್ಲಿದೆ. ಆದರೆ ಪಸ್ಕದ ಊಟದ ಬಳಿಕ ಅದು ಕೂಡದೆಂಬ ನಿಷೇಧದ ರೂಪದಲ್ಲಿ. ರೊಟ್ಟಿಯನ್ನು ಮುರಿದು ಬಚ್ಚಿಡುವ ಪದ್ಧತಿ ತರುವಾಯದ್ದು. ರಂಧ್ರಗಳನ್ನು ಚುಚ್ಚುವುದು ಹಿಟ್ಟು ಉಬ್ಬದಿರಲೆಂದು. ಇಂದಿನ ರೊಟ್ಟಿಯ ಅಚ್ಚುಕಟ್ಟಾದ ಸಾಲುಗಳು 19ನೆಯ ಶತಮಾನದ ಯಂತ್ರಗಳ ಕೊಡುಗೆ. ಯೆಹೂದ್ಯರು ಸಂಕಟದ ಶತಮಾನಗಳಲ್ಲಿ ತಮ್ಮ ವಿಶ್ವಾಸವನ್ನು ಕಾಯ್ದುಕೊಳ್ಳಲು ರೂಪಿಸಿದ ಆರಾಧನೆಯನ್ನು ತೆಗೆದುಕೊಂಡು, ಅದರ ಅರ್ಥವು ಅವರಿಗೇ ತಿಳಿಯದು ಎಂದು ಹೇಳುವುದು ಎಷ್ಟು ಸರಿ? ನಮ್ಮ ಪವಿತ್ರ ಸಂಸ್ಕಾರವನ್ನು ಮತ್ತೊಂದು ಧರ್ಮದವರು ಹಾಗೆ ನಡೆಸಿ ವ್ಯಾಖ್ಯಾನಿಸಿದರೆ ನಮಗೆ ಹೇಗಾಗುತ್ತಿತ್ತೆಂದು ಯೋಚಿಸಬೇಕು. ಕರ್ತನು ತನ್ನ ಜ್ಞಾಪಕಕ್ಕಾಗಿ ಮಾಡಿರೆಂದು ಕೊಟ್ಟ ಭೋಜನ ನಮಗಿದೆ. ಇನ್ನೊಬ್ಬರ ಮೇಜನ್ನು ಎರವಲು ತರಬೇಕಾದ ಅಗತ್ಯವಿಲ್ಲ.

ಇದಲ್ಲದೆ ಹಬ್ಬಗಳಲ್ಲಿ ಮೆಸ್ಸೀಯನ ನಿರೀಕ್ಷೆಯು ಯೆಹೂದ್ಯರಿಗೆ ಅಪರಿಚಿತವೂ ಅಲ್ಲ. ನಿಸಾನಿನಲ್ಲಿ ಬಿಡುಗಡೆಯಾಯಿತು, ನಿಸಾನಿನಲ್ಲಿಯೇ ಮುಂದಿನ ಬಿಡುಗಡೆಯೂ ಆಗುವುದೆಂದು ರಬ್ಬಿ ಯೆಹೋಶುವನೂ, ಅಲ್ಲ, ಅದು ತಿಶ್ರಿ ತಿಂಗಳಿನಲ್ಲಿ ಎಂದು ರಬ್ಬಿ ಎಲೀಯೆಜೆರನೂ ವಾದಿಸಿದ್ದನ್ನು ತಾಲ್ಮೂದು ದಾಖಲಿಸಿದೆ. ಪರ್ಣಶಾಲೆಗಳ ಹಬ್ಬಕ್ಕೆ ಸಕಲ ಜನಾಂಗಗಳೂ ಬರುವ ದಿನವನ್ನು ಜೆಕರ್ಯನ ಪ್ರವಾದನೆಯ 14ನೆಯ ಅಧ್ಯಾಯವೇ ಎದುರುನೋಡುತ್ತದೆ. ಹಬ್ಬಗಳು ಹಿಂದಿನದನ್ನು ನೆನೆಯುತ್ತಲೇ ಮುಂದಿನದನ್ನು ನಿರೀಕ್ಷಿಸುತ್ತಿದ್ದವು. ಆ ನಿರೀಕ್ಷೆ ಯೇಸುವಿನಲ್ಲಿ ನೆರವೇರಿತೆಂದು ನಾವು ಒಪ್ಪಿಕೊಳ್ಳುತ್ತೇವೆ. ಅವರು ಇನ್ನೂ ಕಾಯುತ್ತಿದ್ದಾರೆ. ಈ ಭೇದ ನಿಜವಾದುದು, ಅದನ್ನು ಮುಚ್ಚಬೇಕಾಗಿಲ್ಲ. ಆದರೆ ಕಾಯುವುದನ್ನು ನಾವು ಕಲಿತದ್ದು ಅವರಿಂದಲೇ.

ಬೋಧಕನ ಹೊಣೆ

ಮಾರ್ಬುರ್ಗಿನ ಹುದ್ದೆಯಿಂದ ನಾಜಿಗಳ ಆಡಳಿತದಲ್ಲಿ ತೆಗೆದುಹಾಕಲ್ಪಟ್ಟು ಇಸ್ತಾಂಬುಲಿನಲ್ಲಿ ನೆಲೆಸಿದ್ದ ಯೆಹೂದ್ಯ ವಿದ್ವಾಂಸ ಎರಿಕ್ ಔಅರ್‌ಬಾಖ್ 1938ರಲ್ಲಿ 'ಫಿಗೂರ' ಎಂಬ ಪ್ರಬಂಧವನ್ನು ಪ್ರಕಟಿಸಿದರು. ಕ್ರೈಸ್ತ ಪೂರ್ವಛಾಯಾ ವ್ಯಾಖ್ಯಾನದ ವಿಶೇಷವನ್ನು ಅವರು ಗುರುತಿಸಿದ್ದು ಹೀಗೆ: ಅದರಲ್ಲಿ ಛಾಯೆಯೂ ನೆರವೇರಿಕೆಯೂ ಎರಡೂ ಚರಿತ್ರೆಯಲ್ಲಿ ನಿಜವಾಗಿ ನಡೆದವು, ಒಂದು ಮತ್ತೊಂದನ್ನು ಕರಗಿಸಿಬಿಡುವುದಿಲ್ಲ. ನಮ್ಮ ವ್ಯಾಖ್ಯಾನ ತನ್ನ ಅತ್ಯುತ್ತಮ ರೂಪದಲ್ಲಿ ಹೇಗಿರಬಲ್ಲದೆಂಬುದನ್ನು ಆ ವ್ಯಾಖ್ಯಾನದ ದುರುಪಯೋಗದಿಂದ ನೊಂದ ಜನಾಂಗದವರೊಬ್ಬರು ನಮಗೆ ತಿಳಿಸಿಕೊಟ್ಟರೆಂಬುದು ಗಮನಾರ್ಹ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಹಬ್ಬಗಳನ್ನು ಛಾಯೆಯೆಂದ ಪೌಲನು, ಹಬ್ಬದ ವಿಷಯದಲ್ಲಿ ಯಾರೂ ಯಾರಿಗೂ ತೀರ್ಪುಮಾಡಬಾರದೆಂಬುದಕ್ಕಾಗಿಯೇ ಹಾಗೆಂದನು. ಅದೇ ಪೌಲನು ಪಂಚಾಶತ್ತಮ ದಿನದೊಳಗೆ ಯೆರೂಸಲೇಮನ್ನು ಮುಟ್ಟಬೇಕೆಂದು ಅವಸರಪಟ್ಟನೆಂದು ಅಪೊಸ್ತಲರ ಕೃತ್ಯಗಳ 20ನೆಯ ಅಧ್ಯಾಯದಲ್ಲಿ ಓದುತ್ತೇವೆ. ಛಾಯೆಯೆಂದರೆ ಕಸವೆಂದು ಅವನು ತಿಳಿಯಲಿಲ್ಲ.

ಆದ್ದರಿಂದ ಹಬ್ಬಗಳನ್ನು ಕುರಿತು ಬೋಧಿಸುವವರು ಮೊದಲು ಅವು ಇಸ್ರಾಯೇಲಿಗೆ ಏನಾಗಿದ್ದವೆಂಬುದನ್ನು ಹೇಳಲಿ. ಹೊಸ ಒಡಂಬಡಿಕೆ ಜೋಡಿಸಿದ್ದನ್ನು ಧೈರ್ಯವಾಗಿ ಸಾರಲಿ. ಅದು ಜೋಡಿಸದೆ ಬಿಟ್ಟದ್ದನ್ನು ತಮ್ಮ ಅಭಿಪ್ರಾಯವೆಂದೇ ಹೇಳಲಿ. ಯೆಹೂದ್ಯನೊಬ್ಬನು ಕೊನೆಯ ಸಾಲಿನಲ್ಲಿ ಕುಳಿತು ಕೇಳುತ್ತಿದ್ದರೂ ನಾಚದೆ ಹೇಳಬಹುದಾದ ಮಾತನ್ನೇ ಆಡಲಿ.

ಕೊನೆಯದಾಗಿ ಒಂದು ಮಾತು. ಯಾಜಕಕಾಂಡದ 23ನೆಯ ಅಧ್ಯಾಯದ ಏಳು ಹಬ್ಬಗಳ ನಕ್ಷೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ವಾಕ್ಯವೊಂದಿದೆ. ಅದು 22ನೆಯದು. ಪಂಚಾಶತ್ತಮ ದಿನದ ವಿಧಿಗಳು ಮುಗಿದು ಕೊಂಬೂದುವ ದಿನದ ವಿಧಿ ಆರಂಭವಾಗುವ ಮುನ್ನ, ಹೊಲದ ಅಂಚನ್ನು ಪೂರ್ತಿಯಾಗಿ ಕೊಯ್ಯಬಾರದು, ಹಕ್ಕಲಾಯಬಾರದು, ಅದನ್ನು ಬಡವರಿಗೂ ಪರದೇಶಸ್ಥರಿಗೂ ಬಿಡಬೇಕೆಂದು ಅದು ಆಜ್ಞಾಪಿಸುತ್ತದೆ. ನೆರವೇರಿದ ಹಬ್ಬಗಳಿಗೂ ನೆರವೇರಬೇಕಾದ ಹಬ್ಬಗಳಿಗೂ ನಡುವಿನ ಕಾಲ ನಮ್ಮದೆಂದು ಆ ನಕ್ಷೆಗಳು ಹೇಳುತ್ತವೆ. ಹಾಗಿದ್ದರೆ ನಮ್ಮ ಕಾಲಕ್ಕೆ ದೊರೆತ ವಾಕ್ಯ ಇದೇ ಆಗಿದೆ. ನಮ್ಮ ಕರಾವಳಿಯ ಕಥೋಲಿಕ ಸಭೆಗಳು ಸೆಪ್ಟೆಂಬರ್ 8ರಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಯ್ಯುತ್ತವೆ. ಇತರ ಸಭೆಗಳು ಕೊಯ್ಲಿನ ಕೃತಜ್ಞತಾರಾಧನೆಯಲ್ಲಿ ಬೆಳೆಯನ್ನು ತಂದು ಅರ್ಪಿಸುತ್ತವೆ. ಆ ದಿನ ಪ್ರಥಮಫಲದ ಮೇಲೆ ಪ್ರಸಂಗ ಮಾಡುವವರು ಎದ್ದುಬಂದ ಕ್ರಿಸ್ತನನ್ನು ಸಾರಲಿ. ಜೊತೆಗೆ, ಹೊಲದ ಅಂಚಿನಲ್ಲಿ ಯಾರಿಗಾಗಿ ಏನನ್ನು ಉಳಿಸಿದ್ದೇವೆಂಬುದನ್ನೂ ಕೇಳಲಿ.